ಎಣ್ಣೆ ಕುಡಿದ ಕೆರ, ಬಣ್ಣ ಹೊದ್ದ ಬೂಟು

ಮಾಸಿದ ಬೂಟಿಗೆ ಬಣ್ಣ ಬಳಿದು ಹೊಸದರ ಹಾಗೆ ಮಾಡುವುದನ್ನು ನಾವು ಇತ್ತೀಚಿನ ಶೋಕಿ ಎಂದು ಎಣಿಸುತ್ತೇವೆ. ನಗರದ ಹುಡುಗರು ಅಕ್ರಿಲಿಕ್ ಬಣ್ಣದ ಶೀಸೆ ತಂದು ಬಿಳಿ ಬೂಟಿನ ಮೇಲೆ ಚಿತ್ತಾರ ಬಿಡಿಸುತ್ತಾರೆ, ಅಂಗಡಿಯವರು ಬಣ್ಣ ಹೋದ ತೊಗಲಿಗೆ ಮತ್ತೆ ಬಣ್ಣ ಏರಿಸಿಕೊಡುತ್ತಾರೆ. ಕಣ್ಣಿಗೆ ಬೀಳುವುದು ಇದೇ ಆದ್ದರಿಂದ ಹಾಗನ್ನಿಸುವುದು ಸಹಜ. ಆದರೆ ಸವೆದ ಪಾದರಕ್ಷೆಗೆ ಮತ್ತೆ ಕಳೆ ತರುವ ಕಸುಬು ಬೆಳಗಾವಿ ಸೀಮೆಯಲ್ಲಿ ಬಣ್ಣದ ಶೀಸೆಗಿಂತ ಬಹಳ ಹಳೆಯದು. ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರದ ಮೇಲೆ ಬಾಗಲಕೋಟೆಗೆ ಹೋಗುವ ದಾರಿಯಲ್ಲಿ ನೇಸರಗಿ ಇದೆ. ಒಂದು ಕಡೆ ಬೈಲಹೊಂಗಲ, ಕಿತ್ತೂರು. ಇನ್ನೊಂದು ಕಡೆ ಸವದತ್ತಿ, ರಾಮದುರ್ಗ. ರಟ್ಟರ ಕಾಲದ ಶಾಸನವಿರುವ ಊರು ಅದು. ನಡೆಯುವವರು, ಬಂಡಿಯವರು, ಎಲ್ಲಮ್ಮನ ಗುಡ್ಡಕ್ಕೆ ಹೊರಟ ಜಾತ್ರೆಯ ಜನ ಹಾದುಹೋಗುವ ನೆಲ. ಇಂಥ ನೆಲದಲ್ಲಿ ಕೆರ ಹೊಲಿಯುವವರಿಗಿಂತ ಕೆರವನ್ನು ಉಳಿಸಿಕೊಡುವವರಿಗೆ ಕೆಲಸ ಹೆಚ್ಚು. ಆ ಉಳಿಸುವ ರೀತಿ ಎಣ್ಣೆಯಿಂದ ಪಾಲಿಶ್‌ಗೆ, ಪಾಲಿಶ್‌ನಿಂದ ಬಣ್ಣಕ್ಕೆ ಬಂದದ್ದು ಜನರ ರುಚಿ ಬದಲಾದದ್ದರಿಂದ ಮಾತ್ರ ಅಲ್ಲ. ತೊಗಲನ್ನು ಹದ ಮಾಡುವ ಬಗೆ ಮತ್ತು ದುಡಿದವನಿಗೆ ಕೂಲಿ ಸಲ್ಲುವ ಬಗೆ, ಇವೆರಡೂ ಬದಲಾದದ್ದರಿಂದ ಮೆರುಗಿನ ಬಗೆಯೂ ಬದಲಾಯಿತು ಎಂಬುದು ನನ್ನ ವಾದ.

ಮೊದಲು ತೊಗಲನ್ನು ನೋಡಬೇಕು. ಕಿತ್ತೂರಿನ ಆಚೆ, ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಹನ್ನೆರಡನೆಯ ಶತಮಾನದ ಶರಣ ಡೋಹರ ಕಕ್ಕಯ್ಯನ ಸಮಾಧಿಯಿದೆ ಎಂಬ ನಂಬಿಕೆ ಈ ಭಾಗದಲ್ಲಿ ಗಟ್ಟಿಯಾಗಿದೆ. ಕಕ್ಕಯ್ಯನ ಕಾಯಕ ತೊಗಲು ಹದ ಮಾಡುವುದು. ಕೆರ ಹೊಲಿಯುವ ಹರಳಯ್ಯನ ಕತೆ ಎಲ್ಲರಿಗೂ ಗೊತ್ತು, ಆದರೆ ಹೊಲಿಗೆಗೆ ಮುಂಚೆ ಹದ ಬರಬೇಕು, ಪಾದರಕ್ಷೆಯ ಆಯುಷ್ಯ ನಿರ್ಧಾರವಾಗುವುದು ಅಲ್ಲಿ. ಅಥಣಿ, ನಿಪ್ಪಾಣಿ, ಕೊಲ್ಲಾಪುರದ ಸೀಮೆಯಲ್ಲಿ ನಡೆದುಬಂದ ರೀತಿ ಹೀಗೆ: ಎಮ್ಮೆ ದನಗಳ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ತೆಗೆಯಬೇಕು, ಮಾಂಸದ ಪೊರೆಯನ್ನು ಕೆರೆದು ತೊಳೆಯಬೇಕು, ಆಮೇಲೆ ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರು ರಸದಲ್ಲಿ ವಾರಗಟ್ಟಲೆ ಇಡಬೇಕು. ಚರ್ಮವನ್ನೇ ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ತೊಗಟೆಯ ರಸ ತುಂಬಿ, ಅದು ತೊಗಲಿನ ಒಂದೊಂದು ಎಳೆಯನ್ನೂ ಹಾಯ್ದು ಹೊರಗೆ ಜಿನುಗುವಂತೆ ಮಾಡುವುದು ಈ ಸೀಮೆಯ ರೂಢಿ. ಹೀಗೆ ಹದವಾದ ತೊಗಲಿಗೆ ಮೇಲ್ಪದರ ಎಂಬುದು ಇರುವುದಿಲ್ಲ. ಒಳಗೆ ಹೇಗೋ ಹೊರಗೂ ಹಾಗೆ. ಮೈಯೆಲ್ಲ ಬಾಯಾಗಿ ಎಣ್ಣೆ, ಬೆವರು, ಬಿಸಿಲು ಎಲ್ಲವನ್ನೂ ಕುಡಿಯುತ್ತದೆ. ಹೊಸ ಕೆರ ಮಸುಕು ಹಳದಿಯಾಗಿರುತ್ತದೆ, ಬಿರುಸಾಗಿರುತ್ತದೆ, ಕಾಲು ಕಚ್ಚುತ್ತದೆ. ಎಣ್ಣೆ ಉಂಡು ಆರು ತಿಂಗಳು ನಡೆದ ಮೇಲೆ ಅದು ಕಂದಾಗಿ, ಮೆದುವಾಗಿ, ಮೆಟ್ಟಿದವನ ಪಾದದ ಅಚ್ಚನ್ನೇ ಹೊತ್ತುಕೊಳ್ಳುತ್ತದೆ. ಈ ತೊಗಲಿನ ಒಳ್ಳೆಯ ದಿನ ಅದು ಅಂಗಡಿಯಿಂದ ಹೊರಟ ದಿನವಲ್ಲ. ಆದ್ದರಿಂದಲೇ ಇಂಥ ಕೆರವನ್ನು ಹೊಸದು ಮಾಡುವುದೆಂದರೆ ಮೊದಲಿನ ಬಣ್ಣಕ್ಕೆ ತಿರುಗಿಸುವುದಲ್ಲ. ಬಿರಿದ ಎಳೆಗೆ ಎಣ್ಣೆ ಕುಡಿಸುವುದು, ಸವೆದ ಅಟ್ಟೆಯ ಕೆಳಗೆ ಇನ್ನೊಂದು ತುಂಡು ಕೂಡಿಸಿ ಹೊಲಿಯುವುದು, ಹರಿದ ಉಂಗುಟವನ್ನು ಬದಲಿಸುವುದು. ಇದರ ಮೇಲೆ ಬಣ್ಣ ಬಳಿದರೆ ನಿಲ್ಲುವುದೂ ಇಲ್ಲ. ಎಣ್ಣೆ ಕುಡಿದ ಮೈ ಬಣ್ಣವನ್ನು ಹಿಡಿಯದೆ ಹೆಜ್ಜೆ ಮಡಚಿದಲ್ಲೆಲ್ಲ ಹಕ್ಕಳಿಕೆ ಏಳುವಂತೆ ಬಿಟ್ಟುಕೊಡುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನಮ್ಮವರಿಗೆ ಬಣ್ಣದ ವಿದ್ಯೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಬಳಿಯುತ್ತಿದ್ದರು, ಇಲ್ಲದ್ದನ್ನೇ ದೊಡ್ಡಸ್ತಿಕೆ ಎಂದು ಹೇಳಿಕೊಳ್ಳುವುದು ಸರಿಯಲ್ಲ ಎಂದು. ಇದಕ್ಕೆ ಉತ್ತರ ಈ ಕರಿಯ ಎರೆ ಹೊಲಗಳಲ್ಲೇ ಬೆಳೆಯುತ್ತದೆ. ಬೈಲಹೊಂಗಲ, ಸವದತ್ತಿಯ ಎರೆ ಭೂಮಿಗೆ ಹಿಂಗಾರಿ ಜೋಳದ ಜೊತೆ ಕುಸುಬಿ ಹಳೆಯ ಬೆಳೆ. ಕುಸುಬಿ ಎಣ್ಣೆ ಒಣಗುವ ಜಾತಿಯದು. ಕಾಯಿಸಿದರೆ ಅಂಟು ಅಂಟಾಗಿ ಗಟ್ಟಿಯಾಗಿ, ತೆಳುವಾಗಿ ಹಚ್ಚಿದಲ್ಲಿ ಗಾಳಿಗೆ ಒಣಗಿ ಪೊರೆ ಕಟ್ಟುತ್ತದೆ. ಬಣ್ಣದ ಕಾರ್ಖಾನೆಯವರು ಎಣ್ಣೆ ಬಣ್ಣಕ್ಕೆ, ವಾರ್ನಿಶ್‌ಗೆ ಬಳಸುವುದು ಇದೇ ಗುಣವನ್ನು. ಭಾರತದ ವಾಣಿಜ್ಯ ಪದಾರ್ಥಗಳ ಕುರಿತು ಜಾರ್ಜ್ ವಾಟ್ 1908ರಲ್ಲಿ ಹೊರತಂದ ದೊಡ್ಡ ಗ್ರಂಥದಲ್ಲಿ ಕುಸುಬಿಯ ಬಗ್ಗೆ ಉದ್ದ ವಿವರಣೆಯಿದೆ. ಬೀಜವನ್ನು ಕಾವಿಗೆ ಹಿಡಿದು ಇಳಿಸಿದ ಕಪ್ಪು ಅಂಟೆಣ್ಣೆ ಊಟಕ್ಕೆ ಬಾರದು, ಆದರೆ ನೀರಿನಲ್ಲಿ ನೆನೆಯುವ ತೊಗಲಿಗೆ, ಬಾವಿಯ ಹಗ್ಗಕ್ಕೆ, ನೀರೆತ್ತುವ ಚರ್ಮದ ಬಾನಿಗೆ ಅದನ್ನು ಹಚ್ಚುತ್ತಾರೆ ಎಂದು ಅವನು ದಾಖಲಿಸುತ್ತಾನೆ. ಅಂದರೆ ತೊಗಲಿನ ಮೇಲೆ ಪೊರೆ ಕಟ್ಟಿಸುವ ವಿದ್ಯೆ ಈ ಬಗೆಯ ಒಣಭೂಮಿಯ ರೈತನಿಗೂ ಚರ್ಮದ ಕೆಲಸದವನಿಗೂ ಹೊಸದಲ್ಲ. ನೀರು ತಡೆಯಬೇಕಾದ ಕಡೆ ಅದನ್ನು ಬಳಸಿದರು. ಬೆವರು ಹೋಗಿ ಬರಬೇಕಾದ ಕೆರಕ್ಕೆ ಅದು ಬೇಕಿರಲಿಲ್ಲ.

ಕಪ್ಪು ಮಾಡುವ ಉಪಾಯವೂ ತೊಗಲಿನ ಒಳಗೇ ಇತ್ತು. ಜಾಲಿ, ಅಳಲೆಯ ಒಗರು ಕಬ್ಬಿಣದ ಸಂಗ ಸೇರಿದರೆ ಶಾಯಿಯಂತೆ ಕಪ್ಪಾಗುತ್ತದೆ. ಹಳೆಯ ಕಾಲದ ಬರವಣಿಗೆಯ ಮಸಿಗೂ ಬಟ್ಟೆಯ ಕರಿ ಬಣ್ಣಕ್ಕೂ ಮೂಲ ಇದೇ. ಕಬ್ಬಿಣದ ಮೊಳೆ ಹೊಡೆದ ಕಡೆ ತೊಗಲಿನ ಮೇಲೆ ನೀಲಿಗಪ್ಪು ಕಲೆ ಮೂಡುವುದನ್ನು ಈ ಕೆಲಸದವರು ದಿನವೂ ನೋಡುತ್ತಾರೆ. ಇನ್ನು ಅಲಂಕಾರದ ಕೆರಗಳಿಗೆ ಕೆಂಪು ಗೊಂಡೆ, ಜರಿ, ಬಣ್ಣದ ಎಳೆಗಳ ಹೆಣಿಗೆ ಇದ್ದದ್ದೂ ನಿಜ, ಆ ಹೆಣಿಗೆಯಲ್ಲಿ ಹೆಂಗಸರ ಕೈಯೇ ಮುಂದು. ಹಾಗಾದರೆ ಬಣ್ಣ ಬೇಡವೆಂದಿದ್ದವರು ಎಂಬ ಮಾತು ಸುಳ್ಳಾಗುವುದಿಲ್ಲವೇ? ಆಗುವುದಿಲ್ಲ. ಬಣ್ಣ ಬಂದದ್ದು ಹೊಲಿಗೆಗೆ ಮುಂಚೆ, ಎಳೆಯಲ್ಲಿ, ಪಟ್ಟಿಯಲ್ಲಿ. ಮೆಟ್ಟಿ ಸವೆದ ಮೇಲೆ ಸವೆದದ್ದನ್ನು ಮುಚ್ಚಲು ಮೇಲೆ ಒಂದು ಹೊದಿಕೆ ಹಾಕುವುದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ತೊಗಲು ಬೇಕಿತ್ತು.

ಕೂಲಿಯ ಮಾತಿಗೆ ಬಂದರೆ, ಬಾರಾ ಬಲೂತಿಯ ಈ ನಾಡಿನಲ್ಲಿ ಚರ್ಮದ ಕೆಲಸದವರು ಆಯಗಾರರು, ಎಂದರೆ ಸುಗ್ಗಿಯ ಪಾಲಿಗೆ ಊರಿನ ಕೆಲಸ ಮಾಡುವವರು. ರೈತನ ಬಾರುಕೋಲು, ಮಿಣಿ, ಜತ್ತಿಗೆ, ನೀರೆತ್ತುವ ಬಾನಿ, ಮನೆಮಂದಿಯ ಕೆರ, ಇವುಗಳ ಮಾಡಿಕೆಯೂ ದುರಸ್ತಿಯೂ ಒಂದೇ ಒಪ್ಪಂದದೊಳಗೆ. ಬದಲಿಗೆ ಸುಗ್ಗಿಯಲ್ಲಿ ಕಣದ ಮೇಲೆ ಇಷ್ಟು ಕಾಳು. ಹೊಲಿದುಕೊಟ್ಟ ಹೊಸ ಜೋಡಿಗೆ ಇಷ್ಟು, ಅಟ್ಟೆ ಹಾಕಿದ್ದಕ್ಕೆ ಇಷ್ಟು ಎಂಬ ಬೇರೆ ಬೇರೆ ಬೆಲೆಯಿಲ್ಲ. ಈ ಏರ್ಪಾಡಿನಲ್ಲಿ ಕೆರ ಬಾಳಿಕೆ ಬಂದಷ್ಟೂ ಮಾಡಿದವನಿಗೆ ಲಾಭ: ಇನ್ನೊಂದು ಜೋಡಿಯ ತೊಗಲೂ ಉಳಿಯಿತು, ದುಡಿಮೆಯೂ ಉಳಿಯಿತು. ಹಾಗಾಗಿ ಮುಂಗಾರಿಗೆ ಮುಂಚೆ ಎಣ್ಣೆ ಹಚ್ಚಿ ಕೆರವನ್ನು ಒಣ ಜಾಗದಲ್ಲಿ ಎತ್ತಿಡುವುದು, ಎರೆಯ ಕೆಸರಿನಲ್ಲಿ ಬರಿಗಾಲಲ್ಲೇ ತಿರುಗುವುದು, ಮಳೆ ಮುಗಿದ ಮೇಲೆ ಮತ್ತೆ ಎಣ್ಣೆ ಕುಡಿಸಿ ಮೆಟ್ಟುವುದು, ಇದು ತೊಗಟೆಯ ಹದಕ್ಕೂ ಕಾಳಿನ ಕೂಲಿಗೂ ಒಟ್ಟಿಗೆ ಒಪ್ಪುವ ಕ್ರಮ. ತೊಗಟೆ ಹದದ ತೊಗಲು ನೀರಲ್ಲಿ ನೆಂದರೆ ಊದಿ, ಬೂಸು ಹಿಡಿದು, ಒಣಗಿದಾಗ ಹಪ್ಪಳದಂತಾಗುತ್ತದೆ. ಆದರೆ ಕಾಳಿನ ಕೂಲಿಯ ಇದೇ ಏರ್ಪಾಡು ಕೆರ ಉಳಿಸುವ ಕೈಚಳಕವನ್ನು ಲೆಕ್ಕದಿಂದ ಮರೆಸಿತು. ಬೆಲೆ ಇಲ್ಲದ ಕೆಲಸಕ್ಕೆ ಚೀಟಿ ಇಲ್ಲ, ಚೀಟಿ ಇಲ್ಲದ್ದು ದಫ್ತರಕ್ಕೆ ಬರುವುದಿಲ್ಲ. 1884ರಲ್ಲಿ ಬೆಳಗಾವಿ ಜಿಲ್ಲೆಯ ಗ್ಯಾಜೆಟಿಯರ್ ಅಚ್ಚಾದಾಗ ನೇಸರಗಿ ಸಂಪಗಾವಿ ತಾಲ್ಲೂಕಿನಲ್ಲಿತ್ತು. ಆ ಸಂಪುಟ ಜನರನ್ನು ಜಾತಿ ಜಾತಿಯಾಗಿ, ಕಸುಬು ಕಸುಬಾಗಿ ವಿಂಗಡಿಸಿತು. ಅಂಥ ವಿಂಗಡಣೆಯಲ್ಲಿ ಯಾರು ಏನು ಮಾಡುತ್ತಾರೆ ಎಂಬುದಕ್ಕೆ ಜಾಗವಿದೆ, ಮಾಡಿದ್ದನ್ನು ಎಷ್ಟು ವರ್ಷ ಹೇಗೆ ಬಾಳಿಸುತ್ತಾರೆ ಎಂಬುದಕ್ಕೆ ಜಾಗವಿಲ್ಲ. ಹರಳಯ್ಯನ ಕತೆಯಲ್ಲೂ ನೆನಪಿನಲ್ಲಿ ಉಳಿದದ್ದು ಅವನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗಾಗಿ ಮಾಡಿದ ಒಂದು ಹೊಸ ಜೋಡಿ. ಆ ದಂಪತಿಗಳು ದಿನನಿತ್ಯ ತೇಪೆ ಹಾಕಿಕೊಟ್ಟ ಹಳೆಯ ಕೆರಗಳು ಯಾವ ಕತೆಗೂ ಬರಲಿಲ್ಲ.

ಮೇಲ್ಪದರಕ್ಕೆ ಮೆರುಗು ಕೊಡುವ ಪದ್ಧತಿ ಬಂದದ್ದು ದಂಡಿನ ಜೊತೆ. 1818ರಲ್ಲಿ ಬೆಳಗಾವಿ ಕೋಟೆ ಇಂಗ್ಲಿಷರ ವಶವಾಗಿ, ಮುಂದೆ ಅಲ್ಲಿ ದೊಡ್ಡ ಕಂಟೋನ್ಮೆಂಟ್ ನೆಲೆಸಿತು. ಸಿಪಾಯಿಯ ಶಿಸ್ತು ಬೂಟಿನ ಹೊಳಪಿನಲ್ಲಿ ಕಾಣಬೇಕೆಂಬುದು ಆ ಸೈನ್ಯದ ನಿಯಮ. ಅದಕ್ಕಾಗಿ ಇಂಗ್ಲೆಂಡಿನಲ್ಲಿ ಮೂಳೆ ಸುಟ್ಟ ಕಪ್ಪು, ಕಾಕಂಬಿ, ವಿನೆಗರ್, ಎಣ್ಣೆಗಳನ್ನು ಕಲಸಿದ ಕರಿ ಲೇಪ ತಯಾರಾಗುತ್ತಿತ್ತು. ಕಿತ್ತೂರಿನ ಕೋಟೆಯ ಮುಂದೆ ಇಂಗ್ಲಿಷರ ಅಧಿಕಾರಿ ಥ್ಯಾಕರೆ ಸತ್ತುಬಿದ್ದ 1824ರಲ್ಲೇ, ಲಂಡನ್ನಿನ ವಾರೆನ್ ಎಂಬವರ ಅಂಥ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದ ಚಾರ್ಲ್ಸ್ ಡಿಕನ್ಸ್ ಬೂಟಿನ ಕಪ್ಪು ತುಂಬಿದ ಕುಡಿಕೆಗಳಿಗೆ ಚೀಟಿ ಅಂಟಿಸುತ್ತಿದ್ದ. ಆ ಅವಮಾನವನ್ನು ಅವನು ಬದುಕಿಡೀ ಮರೆಯಲಿಲ್ಲ. ಬೂಟಿನ ಕಪ್ಪಿಗೂ ಕೀಳರಿಮೆಗೂ ಇರುವ ನಂಟು ನಮ್ಮ ಜಾತಿಪದ್ಧತಿಯಲ್ಲಿ ಮಾತ್ರ ಇಲ್ಲ ಎನ್ನುವುದಕ್ಕಾಗಿ ಇದನ್ನು ನೆನೆಯಬೇಕು. ಇಲ್ಲಿ ಮಾತ್ರ ಅದು ಹುಟ್ಟಿನಿಂದಲೇ ಅಂಟುತ್ತಿತ್ತು, ಸಾಯುವ ತನಕ ಬಿಡುತ್ತಿರಲಿಲ್ಲ. 1906ರಲ್ಲಿ ಮೆಲ್ಬೋರ್ನಿನ ವಿಲಿಯಂ ರಾಮ್ಸೆ ಕಿವಿ ಪಾಲಿಶ್ ಹೊರತಂದ. ಮೊದಲ ಮಹಾಯುದ್ಧದ ಸಿಪಾಯಿಗಳ ಮೂಲಕ ಮೇಣದ ಪಾಲಿಶ್‌ನ ತಗಡು ಡಬ್ಬಿ ಲೋಕವೆಲ್ಲ ಸುತ್ತಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಮದ್ರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಹದವನ್ನು ಬಳಕೆಗೆ ತಂದ. ಕ್ರೋಮ್ ಉಪ್ಪಿನಿಂದ ತೊಗಲು ವಾರಗಳ ಬದಲು ಒಂದೆರಡು ದಿನಗಳಲ್ಲಿ ಹದವಾಗುತ್ತದೆ. ತೆಳುವಾಗಿ, ಮೆದುವಾಗಿ, ನೀರಿಗೆ ಅಂಜದೆ ಇರುತ್ತದೆ. ಆಮೇಲೆ ಅದರ ಮೇಲೆ ಬಣ್ಣದ, ಅರಗಿನ ತೆಳು ಪದರ ಕೂಡಿಸಿ ಒಂದೇ ಸಮನೆ ಹೊಳೆಯುವಂತೆ ಮಾಡುತ್ತಾರೆ. ಈ ತೊಗಲಿನ ಒಳ್ಳೆಯ ದಿನ ಅಂಗಡಿಯಿಂದ ಹೊರಟ ದಿನವೇ. ಅಲ್ಲಿಂದ ಮುಂದೆ ಅದಕ್ಕೆ ಇಳಿಗಾಲ. ಇಂಥ ಬೂಟನ್ನು ಹೊಸದು ಮಾಡುವುದೆಂದರೆ ಆ ಮೊದಲ ದಿನಕ್ಕೆ ಹಿಂದೆ ಕರೆದೊಯ್ಯುವುದು. ಪಾಲಿಶ್ ಮಾಡುವುದು ಇದನ್ನೇ.

1930ರ ದಶಕದಲ್ಲಿ ಬಂಗಾಳದ ಬಾಟಾನಗರದಿಂದ ಕಾರ್ಖಾನೆಯ ಬೂಟು ಹೊರಟು ಸಣ್ಣ ಊರುಗಳ ಪೇಟೆಗೆ ಬಂದಿತು. ಪೊಲೀಸ್, ಮಾಸ್ತರ, ಗುಮಾಸ್ತ, ಕಂಡಕ್ಟರ್, ಆಮೇಲೆ ಶಾಲೆಯ ಮಕ್ಕಳು ಹೀಗೆ ಹೊಳಪು ಕೇಳುವ ಕಾಲುಗಳು ಹೆಚ್ಚಿದವು. ಚರ್ಮದ ಕೆಲಸದ ಸಮಗಾರರು ಕೂಡುವ ಜಾಗವೂ ಬದಲಾಯಿತು: ಕೇರಿಯ ಮನೆಯಂಗಳದಿಂದ ಬಸ್ ನಿಲ್ದಾಣದ ಗೋಡೆಯ ನೆರಳಿಗೆ. ರಂಪಿ, ಉಳಿ, ಮೇಣದ ದಾರದ ಪಕ್ಕದಲ್ಲಿ ಕುಂಚ, ಡಬ್ಬಿ, ಬಣ್ಣದ ಶೀಸೆ ಬಂದವು. ಇದನ್ನು ಇಳಿತ ಎಂದು ಬಗೆಯುವವರಿದ್ದಾರೆ. ಇಡೀ ಕೆರವನ್ನು ಕಟ್ಟಬಲ್ಲ ಕೈ ಪರರು ಕಟ್ಟಿದ ಬೂಟಿಗೆ ಮೆರುಗು ಹಚ್ಚುವ ಕೆಲಸಕ್ಕೆ ಇಳಿಯಿತು, ಇದರಲ್ಲಿ ಬರೆಯುವಂಥ ಇತಿಹಾಸ ಏನಿದೆ ಎಂದು ಅವರ ಪ್ರಶ್ನೆ. ನೋವು ನಿಜವಾದದ್ದು, ಒಪ್ಪುತ್ತೇನೆ. ಆದರೆ ನಿಲ್ದಾಣದ ನೆರಳಿನಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕಣದ ಕಾಳನ್ನು ಅಳೆದು ಹಾಕುತ್ತಿದ್ದವನು ಒಡೆಯ. ಎಷ್ಟು ಹಾಕಿದನೋ ಅಷ್ಟು. ಪಾಲಿಶ್‌ಗೆ ಇಷ್ಟು, ಹೊಲಿಗೆಗೆ ಇಷ್ಟು, ಬಣ್ಣಕ್ಕೆ ಇಷ್ಟು ಎಂದು ಬಾಯಿಬಿಟ್ಟು ಬೆಲೆ ಹೇಳಿದವನು ಸಮಗಾರ. ಗಿರಾಕಿ ಯಾವ ಊರಿನವನೋ, ಯಾವ ಜಾತಿಯವನೋ, ಬಸ್ ಬರುವ ಮೊದಲು ಬೂಟು ಬೇಕು, ರೊಕ್ಕ ಕೊಟ್ಟು ಹೋಗುತ್ತಾನೆ. ಮೇಲ್ಜಾತಿಯವರ ಓಣಿಯಲ್ಲಿ ಕೆರವನ್ನು ಕೈಯಲ್ಲಿ ಹಿಡಿದು ನಡೆಯಬೇಕಿದ್ದ ಕಾಲದಿಂದ ಬಂದ ಮನೆತನಗಳಿಗೆ ಈ ಬದಲಾವಣೆ ಚಿಕ್ಕದಲ್ಲ.

ಇಲ್ಲಿಗೆ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬರುತ್ತದೆ. ಈ ಕಸುಬಿನ ಜಾಣ್ಮೆಯನ್ನು ಹೊಗಳುವುದು, ಅದನ್ನು ಹೊರೆಸಿದ ಜಾತಿಯ ನೊಗವನ್ನೂ ಹೊಗಳಿದಂತೆ ಅಲ್ಲವೇ? 1925ರ ಏಪ್ರಿಲ್‌ನಲ್ಲಿ ಇದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ನಡೆದ ಪರಿಷತ್ತಿಗೆ ಅಂಬೇಡ್ಕರ್ ಬಂದರು. ಎರಡು ವರ್ಷದ ಮೇಲೆ ಮಹಾಡದಲ್ಲಿ, ಸತ್ತ ದನದ ಮಾಂಸ ಬಿಡಿ, ಕೀಳು ಎಂದು ಕಟ್ಟಿದ ಕೆಲಸಗಳನ್ನು ಬಿಡಿ ಎಂದು ಜನರಿಗೆ ಕರೆಕೊಟ್ಟರು. ಆ ಕರೆಯ ಮುಂದೆ ಕಸುಬಿನ ಚೆಲುವಿನ ಮಾತು ಹಗುರವಾಗಬಾರದು. ನನ್ನ ಉತ್ತರ ಇಷ್ಟು: ಬಿಡಬೇಕಾದದ್ದು ಬಲವಂತ, ಬಿಟ್ಟಿ, ಅಸ್ಪೃಶ್ಯತೆ. ಮಕ್ಕಳು ಈ ಕೆಲಸ ಬಿಟ್ಟು ಓದಿ ಬೇರೆ ದಾರಿ ಹಿಡಿದರೆ ಅದು ಗೆಲುವೇ, ಅದನ್ನು ಕಲೆಯ ನಷ್ಟ ಎಂದು ಕೊರಗುವ ಹಕ್ಕು ಹೊರಗಿನವರಿಗೆ ಇಲ್ಲ. ಆದರೆ ಕೆಲಸದ ಒಳಗಿದ್ದ ತಿಳಿವಳಿಕೆಯನ್ನು ಕೀಳು ಎಂದು ಒಪ್ಪಿಕೊಂಡರೆ ಆ ಬಲವಂತ ಮಾಡಿದವರ ಮಾತನ್ನೇ ಒಪ್ಪಿದಂತಾಗುತ್ತದೆ. ಕೆಲಸ ಸಿಗದ ಪದವೀಧರರು ಬೀದಿಯಲ್ಲಿ ಬೂಟ್ ಪಾಲಿಶ್ ಮಾಡಿ ಪ್ರತಿಭಟಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅವರ ಸಂಕಟ ನ್ಯಾಯವಾದದ್ದು. ಆದರೆ ಓದಿದವರಿಗೆ ಬಂದೊದಗಬಾರದ ಕೊನೆಯ ಗತಿ ಎಂದು ಅವರು ಆರಿಸಿಕೊಳ್ಳುವುದು ಪಕ್ಕದ ಗೋಡೆಯ ಬಳಿ ಒಬ್ಬ ದಿನವೂ ಮಾಡುವ ಕೆಲಸವನ್ನು. ಹನ್ನೆರಡನೆಯ ಶತಮಾನದಲ್ಲೇ ಕಕ್ಕಯ್ಯ, ಹರಳಯ್ಯ, ಮಾದಾರ ಚೆನ್ನಯ್ಯರನ್ನು ತನ್ನ ಹಿರಿಯರೆಂದು ಕರೆದುಕೊಂಡ ಪರಂಪರೆಯ ನಾಡಿಗೆ ಇದು ತಕ್ಕದ್ದಲ್ಲ.

ಕೆರ ಉಳಿಸುವ ಕೈಚಳಕವನ್ನು ದಫ್ತರ ಮರೆತ ಆ ಮರೆವು ಈಗಲೂ ಇನ್ನೊಂದು ರೂಪದಲ್ಲಿ ಮುಂದುವರಿದಿದೆ. ಕೊಲ್ಲಾಪುರಿ ಚಪ್ಪಲಿಗೆ 2018ರ ಡಿಸೆಂಬರ್‌ನಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಅದು ಸಲ್ಲುತ್ತದೆ, ನಮ್ಮ ಕಡೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಅದೇ ಅಚ್ಚಿನ ಚಪ್ಪಲಿ ತೊಡಿಸಿದಾಗ, ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕೈಗಳ ಹೆಸರು ದೇಶವೆಲ್ಲ ಕೇಳಿಸಿತು. ಒಳ್ಳೆಯದೇ ಆಯಿತು. ಆದರೆ ಸೂಚಿಕೆ ಕಾಪಾಡುವುದು ಹೊಸ ಜೋಡಿಯ ಹೆಸರನ್ನು. ಮಾರಿದ ಮೇಲೆ ಆ ಜೋಡಿ ಎಣ್ಣೆ ಉಣ್ಣದೆ ಬಿರಿಯಿತೇ, ಮಳೆಗೆ ಸಿಕ್ಕಿ ಬೂಸು ಹಿಡಿಯಿತೇ, ಪಾಲಿಶ್ ಹಚ್ಚಿಸಿಕೊಂಡು ಉಸಿರುಕಟ್ಟಿತೇ ಎಂಬುದು ಅದರ ಆಚೆ. ಕೊಂಡವರಿಗೆ ಗೊತ್ತಿಲ್ಲದ ಕಾರಣ ಎಷ್ಟೋ ಒಳ್ಳೆಯ ಕೆರಗಳು ಎರಡನೆಯ ಮಳೆಗಾಲ ಕಾಣುವುದಿಲ್ಲ.

ಇನ್ನು ಬಣ್ಣ ನಿಜವಾಗಿಯೂ ಅನಿವಾರ್ಯವಾದ ಜಾಗವೆಂದರೆ ತೊಗಲೇ ಅಲ್ಲದ ಬೂಟು. ಸರ್ಕಾರಿ ಶಾಲೆಯ ಮಕ್ಕಳಿಗೆ ಸಿಗುವ ಕಪ್ಪು ಬೂಟಿನಿಂದ ಹಿಡಿದು ಸಂತೆಯಲ್ಲಿ ಮಾರುವ ಜೋಡಿನ ತನಕ ಬಹುಪಾಲು ರೆಕ್ಸಿನ್, ಪಿಯು ಹೊದಿಕೆಯವು. ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ಪದರ. ಎಣ್ಣೆ ಕುಡಿಯಲು ಬಾಯಿಲ್ಲ, ಮೇಣ ಹಿಡಿಯಲು ರಂಧ್ರವಿಲ್ಲ. ಪದರ ಸುಲಿದರೆ ಮಾಡಬಹುದಾದದ್ದು ಒಂದೇ: ಸುಲಿದದ್ದನ್ನು ಕೆರೆದು, ಅಸಿಟೋನ್‌ನಂಥ ದ್ರಾವಕದಿಂದ ಜಿಡ್ಡು ಒರೆಸಿ, ಬಾಗಿದರೂ ಒಡೆಯದ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಹಲವು ಸಲ ಕೊಟ್ಟು, ಒಂದೊಂದು ಸಲವೂ ಒಣಗಲು ಬಿಡುವುದು. ದಪ್ಪಗೆ ಒಂದೇ ಸಲ ಬಳಿದರೆ ವಾರದಲ್ಲಿ ಬಿರುಕು. ಅದೇ ದ್ರಾವಕವನ್ನು ಅತಿಯಾಗಿ ತಿಕ್ಕಿದರೆ ಪಿಯು ಪದರವೇ ಕರಗಿ ಬರುತ್ತದೆ. ಹೀಗೆ ಬಳಿಯುವುದು ಗಿರಾಕಿಗೆ ಮೋಸ, ಒಳಗಿನ ಹಾಳನ್ನು ಮೇಲಿನ ಬಣ್ಣ ಮುಚ್ಚುತ್ತದೆ ಎನ್ನುವವರಿಗೆ ಹೇಳಬೇಕಾದದ್ದು: ಹಳೆಯ ಬೂಟನ್ನು ಹೊಸದೆಂದು ಮಾರಿದರೆ ಮೋಸ, ಬೂಟಿನ ಒಡೆಯನೇ ಕೂತು ಮಾಡಿಸಿಕೊಳ್ಳುವಾಗ ಮುಚ್ಚಿಡುವಂಥದ್ದು ಏನೂ ಇಲ್ಲ. ಹೊಸ ಜೋಡಿಗೆ ದುಡ್ಡಿಲ್ಲದ ಮನೆಯ ಹುಡುಗನಿಗೆ ಇನ್ನೊಂದು ವರ್ಷ ಶಾಲೆಯ ಸಾಲಿನಲ್ಲಿ ತಲೆತಗ್ಗಿಸದೆ ನಿಲ್ಲಲು ಅಷ್ಟು ಬಣ್ಣ ಸಾಕು.

ಯಾವ ಮೈಗೆ ಎಣ್ಣೆ, ಯಾವುದಕ್ಕೆ ಮೇಣ, ಯಾವುದಕ್ಕೆ ಬಣ್ಣ ಎಂದು ಮುಟ್ಟಿ ನೋಡಿ ಹೇಳಬಲ್ಲ ಬೆರಳು ಇನ್ನೂ ಬಸ್ ನಿಲ್ದಾಣದ ಗೋಡೆಯ ಬಳಿ ಇದೆ. 1976ರಿಂದ ಇರುವ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಲಿಡ್ಕರ್, ಹೊಸ ಪಾದರಕ್ಷೆಯ ತಯಾರಿಕೆ, ಮಾರಾಟಕ್ಕೆ ಬೆಂಬಲವಾಗಿ ನಿಂತಿದೆ. ರಸ್ತೆ ಬದಿಯ ಕುಶಲಕರ್ಮಿಗಳಿಗೆ ಪೆಟ್ಟಿಗೆ ಅಂಗಡಿ ಕೊಡುವ ಕೆಲಸವನ್ನೂ ಮಾಡಿದೆ. ಪೆಟ್ಟಿಗೆಯ ಜೊತೆಗೆ ಒಳ್ಳೆಯ ದ್ರಾವಕ, ಬಾಗುವ ಬಣ್ಣ, ಮೂಗಿಗೆ ಮುಖಗವಸು, ಈ ಮೂರು ಬಗೆಯ ಮೈಗಳ ಆರೈಕೆಯ ತರಬೇತಿ ಮತ್ತು ದರದ ಫಲಕ ಇಷ್ಟೂ ಕೂಡಬೇಕು. ಕೊಲ್ಲಾಪುರಿ ಜೋಡಿಯ ಡಬ್ಬದೊಳಗೆ ಎಣ್ಣೆ ಹಚ್ಚುವ ಕ್ರಮವನ್ನು ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಚೀಟಿಯೂ ಇರಬೇಕು, ಅದರಲ್ಲಿ ವರ್ಷಕ್ಕೊಮ್ಮೆ ಹತ್ತಿರದ ಸಮಗಾರರ ಬಳಿ ಒಯ್ಯಿರಿ ಎಂಬ ಸಾಲನ್ನು ಸೇರಿಸಬೇಕು.